ಮೂಟೆ ಕಟ್ಟಿದ ‘ಇಲ್ಲ’

ಒಂದಾನೊಂದು ಊರಿನಲ್ಲಿ, ಅಂದರೆ ಸೌಟಳ್ಳಿಯಲ್ಲಿ, ದೊಡ್ಡದೊಂದು ಯುದ್ಧ ಮುಗಿದಿತ್ತು. ಕತೆಯನ್ನು ಯುದ್ಧದಿಂದ ಶುರುಮಾಡುವವರು ಬೇರೆ ಇದ್ದಾರೆ. ನಾನು ಯುದ್ಧ ಮುಗಿದ ಮೇಲೆ ಶುರುಮಾಡುತ್ತೇನೆ.

ಸೌಟಳ್ಳಿಗೂ ಪಕ್ಕದ ಗದ್ದಲಗಿರಿಗೂ ನಡುವೆ ಆಕಾಶದಲ್ಲಿ ಒಂದು ಮೋಡ ನಿಂತಿತ್ತು. ಅದರ ನೆರಳು ಯಾರದ್ದು ಎಂದು ಎರಡೂ ಕಡೆಯ ದೊರೆಗಳು ಜಗಳ ತೆಗೆದರು. ವರ್ಷಗಟ್ಟಲೆ ಕಾದಾಡಿದರು. ಮೊದಲ ವಾರದಲ್ಲೇ ಮೋಡ ಎದ್ದುಹೋಗಿತ್ತು. ಯಾರೂ ಮೇಲೆ ನೋಡಿರಲಿಲ್ಲ. ಕೊನೆಗೆ ಸೌಟಳ್ಳಿ ಸೋತಿತು.

ಸಂಧಿ ಮಾತಾಡಲು ಯಾರನ್ನಾದರೂ ಗಡಿಗೆ ಕಳಿಸಿ ಎಂದು ಗೆದ್ದ ದೊರೆ ಮಾರ್ತಾಂಡಪ್ಪ ಹೇಳಿಕಳಿಸಿದ. ಸೋತ ದೊರೆ ಬುಳ್ಳಪ್ಪ ಮಂಚದ ಕೆಳಗೆ ಹೊಕ್ಕು, ತಾನು ಊರಲ್ಲಿಲ್ಲ ಎಂದು ಅಲ್ಲಿಂದಲೇ ಕೂಗಿದ. ಮಂತ್ರಿಗಳಿಗೆ ಯುದ್ಧದಲ್ಲಿ ಓಡಿ ಓಡಿ ಅಭ್ಯಾಸವಾಗಿತ್ತು. ಕಾಲು ನಿಲ್ಲದೆ ಅವರು ಇನ್ನೂ ಊರ ಸುತ್ತ ಓಡುತ್ತಿದ್ದರು. ಒಂದು ಕಡೆ ಕೂರಬಲ್ಲವಳು ಹುಲಿಗೆವ್ವ ಒಬ್ಬಳೇ. ಆಕೆ ಉಣ್ಣೆ ನೂಲುವವಳು. ದೊಡ್ಡ ಮಗ ಬೀರ ಯುದ್ಧದಲ್ಲಿ ಸತ್ತಿದ್ದ. ಚಿಕ್ಕವನು ಮಾಳಿಂಗ ಗದ್ದಲಗಿರಿಯಲ್ಲಿ ಸೆರೆಯಾಗಿದ್ದ. ಆಕೆ ತನ್ನ ಕದಿರು ಹಿಡಿದುಕೊಂಡು ಹೋಗಿ ಗಡಿಯಲ್ಲಿ ಕೂತಳು.

ಮಾರ್ತಾಂಡಪ್ಪ ಮೊದಲು ಸೌಟಳ್ಳಿಯ ಮಧ್ಯಾಹ್ನಗಳನ್ನೆಲ್ಲ ಕೇಳಿದ. ಕೊಂಡೊಯ್ದರೆ ಬಿಸಿ ಆರಿಹೋಗುತ್ತದೆ ಎಂದಳು ಹುಲಿಗೆವ್ವ. ಊರವರ ನಿದ್ದೆ ಕೇಳಿದ. ಯುದ್ಧ ಶುರುವಾದಾಗಲೇ ಅದು ಖರ್ಚಾಗಿದೆ ಎಂದಳು. ದೊರೆ ಮೀಸೆ ತಿರುವಿ ಬಹಳ ಹೊತ್ತು ಯೋಚಿಸಿದ. ಆಮೇಲೆ ಹೇಳಿದ:

“ನಿಮ್ಮ ‘ಇಲ್ಲ’ ಕೊಡಿ. ಅದರ ಮಕ್ಕಳುಮರಿ ಒಲ್ಲೆ, ಬೇಡ, ಆಗೋದಿಲ್ಲ, ಎಲ್ಲಾನೂ ಕೊಡಿ. ಸೆರೆಯಾಳುಗಳನ್ನ ಬಿಡ್ತೀನಿ.”

ಅವನ ಹಿಂದೆ ಸೆರೆಯಾಳುಗಳು ಸಾಲಾಗಿ ನಿಂತಿದ್ದರು. ಮಾಳಿಂಗ ಎಷ್ಟು ಸೊರಗಿದ್ದನೆಂದರೆ ಬೇಡಿ ಅವನ ಕಾಲಿಗೆ ಬಳೆಯಂತೆ ಸಡಿಲವಾಗಿತ್ತು. ಹುಲಿಗೆವ್ವ ಅವನನ್ನು ನೋಡಿದಳು. ಆಗಲಿ ಎಂದಳು.

“ನನಗೆ ಹೆದರಿದೆಯಾ?” ಎಂದು ದೊರೆ ಕೇಳಿದ.

“ಇಲ್ಲ” ಎಂದಳು ಹುಲಿಗೆವ್ವ. ಸೈನಿಕರು ಅದನ್ನು ಹಿಡಿದು ಮೂಟೆಗೆ ಹಾಕಿದರು.

ಆಮೇಲೆ ಮನೆಮನೆಗೆ ಹೋದರು. ಪ್ರತಿಯೊಬ್ಬರೂ ಮೂಟೆಗೆ ಬಾಯಿಟ್ಟು ತಮ್ಮಲ್ಲಿದ್ದ ‘ಇಲ್ಲ’ಗಳನ್ನೆಲ್ಲ ಹೇಳಿ ಮುಗಿಸಿದರು. ಎರಡು ವರ್ಷದ ಒಂದು ಕೂಸಿಗೇ ಒಂದು ಗಾಡಿ ಬೇಕಾಯಿತು. ಮಾಳಿಂಗ ಮನೆಗೆ ಬಂದ. ಮೂಟೆಗಳು ಗದ್ದಲಗಿರಿಗೆ ಹೋದವು.

ದೊರೆಯ ಹಂಚಿಕೆ ಬೇರೆಯೇ ಇತ್ತು. ‘ಇಲ್ಲ’ ಎನ್ನಲಾಗದವರ ಹತ್ತಿರ ಏನನ್ನು ಬೇಕಾದರೂ ಕೇಳಬಹುದಲ್ಲ. ಮರುದಿನವೇ ಅವನ ದೂತ ಬಂದು, ಊರ ಬಾವಿ ಕೊಡ್ತೀರಾ ಎಂದು ಕೇಳಿದ. ಊರವರು ಬಾಯಿ ತೆರೆದರು. ಹೊರಗೆ ಬರಲು ಒಳಗೆ ಏನೂ ಇರಲಿಲ್ಲ. ಕೆಲವರ ಕಣ್ಣಲ್ಲಿ ನೀರು ಬಂತು.

ಹುಲಿಗೆವ್ವ ನೂಲುತ್ತಲೇ ಹೇಳಿದಳು: “ಹೂಂ.”

ಅದು ಎಂಥ ಹೂಂ ಗೊತ್ತೇ? ಮಗು ಚಂದ್ರನನ್ನು ತಂದುಕೊಡು ಎಂದಾಗ ತಾಯಿ ರೊಟ್ಟಿ ತಟ್ಟುತ್ತಾ ಅನ್ನುವ ಹೂಂ. ದೂತ ಖುಷಿಯಿಂದ, ಯಾವಾಗ ಕೊಡ್ತೀರಿ ಎಂದ. ಹೂಂ ಎಂದಳು. ಇವತ್ತೇ ಕೊಡ್ತೀರಾ ಎಂದ. ಹೂಂ ಎಂದಳು. ಎದ್ದೇಳಲಿಲ್ಲ. ದೂತನಿಗೆ ಕೂತು ಕೂತು ಸೊಂಟ ಹಿಡಿದುಕೊಂಡಿತು.

ಊರಿಗೆ ಊರೇ ಆ ಹೂಂ ಕಲಿತುಬಿಟ್ಟಿತು. ಹೊಲ ಕೊಡಿ ಎಂದರೆ ಹೂಂ. ಕುರಿ ಕೊಡಿ ಎಂದರೆ ಹೂಂ. ಯಾವುದೂ ಇದ್ದಲ್ಲಿಂದ ಅಲುಗಲಿಲ್ಲ. ದೂತ ರೇಗಿ ಒಂದು ಟಗರಿನ ಹಗ್ಗ ಹಿಡಿದು, ನೀನಾದರೂ ಬರ್ತೀಯಾ ಎಂದ. ಟಗರು ಹೂಂ ಎಂದು ಹೇಳಿ ಮಲಗಿಕೊಂಡಿತು.

ಸುದ್ದಿ ಕೇಳಿ ಮಾರ್ತಾಂಡಪ್ಪ ಉರಿದುಬಿದ್ದ. ಸೈನ್ಯ ಹೊರಡಲಿ ಎಂದ. ಆದರೆ ಅಷ್ಟರಲ್ಲಿ ಉಗ್ರಾಣದಲ್ಲಿ ಮೂಟೆಗಳು ಬಿರಿದಿದ್ದವು. ಒಬ್ಬರ ‘ಇಲ್ಲ’ವನ್ನು ಇನ್ನೊಬ್ಬರ ‘ಇಲ್ಲ’ದ ಮೇಲೆ ಪೇರಿಸಿದರೆ ಮೂಟೆ ತಡೆಯುತ್ತದೆಯೇ? ಗದ್ದಲಗಿರಿಯ ತುಂಬ ‘ಇಲ್ಲ’ ಹರಿದಾಡಿತು. ಸೈನಿಕರು ಇಲ್ಲ ಎಂದರು. ಕುದುರೆ ಒಲ್ಲೆ ಎಂದಿತು. ಕತ್ತಿಯನ್ನು ಒರೆಯಿಂದ ಎಳೆದರೆ ಬೇಡ ಎಂದಿತು. ಕಿರೀಟ ತಲೆಯ ಮೇಲೆ ಕೂರಲು ಒಪ್ಪಲಿಲ್ಲ. ಅನ್ನ ದೊರೆಯ ಬಾಯಿಯ ತನಕ ಬಂದು, ಆಗೋದಿಲ್ಲ ಎಂದು ಹಿಂದಕ್ಕೆ ತಿರುಗಿತು.

ಹಸಿವು ತಾಳದೆ ದೊರೆ ತಾನೇ ಸೌಟಳ್ಳಿಗೆ ಹೊರಟ. ಕಾಲುಗಳು ಒಲ್ಲೆ ಎಂದವು. ಕೈಗಳನ್ನು ಅವನು ಕೇಳಲಿಲ್ಲ, ಕೇಳುವ ಮೊದಲೇ ನೆಲಕ್ಕೂರಿದ. ಹಾಗೆ ತಲೆಕೆಳಗಾಗಿ, ಮೀಸೆಯಲ್ಲಿ ದಾರಿ ಗುಡಿಸುತ್ತಾ ಹುಲಿಗೆವ್ವನ ಮನೆಮುಂದೆ ಬಂದ. ನಿಮ್ಮದನ್ನು ನೀವು ವಾಪಸ್ ತಗೊಳ್ತೀರಾ ಎಂದು ಬೇಡಿಕೊಂಡ.

“ಹೂಂ” ಎಂದಳು ಹುಲಿಗೆವ್ವ. ಕದಿರು ತಿರುಗುತ್ತಲೇ ಇತ್ತು.

ಅದು ಯಾವ ಹೂಂ ಎಂದು ಈಗ ದೊರೆಗೂ ಅರ್ಥವಾಯಿತು. ಏನು ಬೇಕು ಕೇಳು ತಾಯಿ ಎಂದ.

“ನನ್ನ ಬೀರನ್ನ ಕೊಡು.”

ಮಾರ್ತಾಂಡಪ್ಪ ಬಾಯಿ ತೆರೆದ. ಅವನ ಬಾಯಲ್ಲಿ ಗಾಡಿಗಟ್ಟಲೆ ‘ಇಲ್ಲ’ ಇತ್ತು. ಆದರೆ ಆವತ್ತು ಒಂದೇ ಒಂದು, ಅದೂ ಬಹಳ ಸಣ್ಣ ದನಿಯಲ್ಲಿ ಹೊರಬಂತು. ತಲೆಕೆಳಗಾಗಿದ್ದವನ ಕಣ್ಣೀರು ಹಣೆಯ ಮೇಲೆ ಹರಿಯಿತು.

ಹುಲಿಗೆವ್ವ ನೂಲುವುದನ್ನು ನಿಲ್ಲಿಸಿದಳು. ಆಮೇಲೆ, ಚೆಲ್ಲಿದ್ದನ್ನೆಲ್ಲ ಬಾಚಿ ಮತ್ತೆ ಮೂಟೆ ಕಟ್ಟಿ ತಂದು ಇಳಿಸು, ಇನ್ನು ಈ ಕಡೆ ಏನೂ ಕೇಳಿಕೊಂಡು ಬರುವಂತಿರಬಾರದು ಎಂದಳು. ಎರಡನೆಯ ಸಂಧಿ ಇಷ್ಟೇ. ಬರೆದುಕೊಳ್ಳುವಷ್ಟೂ ಇರಲಿಲ್ಲ.

ಮೂಟೆಗಳು ಬಂದವು. ಇನ್ನೂ ಬಾಯಿ ಬಿಚ್ಚಿರಲಿಲ್ಲ, ಅಷ್ಟರಲ್ಲಿ ದೊರೆ ಬುಳ್ಳಪ್ಪ ಮೈಯ ಧೂಳು ಕೊಡವಿಕೊಳ್ಳುತ್ತಾ ಓಡಿಬಂದ. ವೈರಿ ಕೈಯಲ್ಲಿ ನಡೆಯುತ್ತಿದ್ದಾನೆ, ಅವನ ಕುದುರೆ ಏಳುವುದಿಲ್ಲ, ಇದೇ ಸರಿಯಾದ ಹೊತ್ತು ಎಂದು ಕುಣಿದ. ಸೋತ ಮಾನ ಗೆದ್ದು ತರೋಣ ಎಂದ. ನಗಾರಿ ಹೊಡೆಸಿದ. ನೆಟ್ಟಗೆ ಮಾಳಿಂಗನ ಹೆಗಲ ಮೇಲೆ ಕೈಯಿಟ್ಟ.

“ಹುಲಿಗೆವ್ವಾ, ಇವನನ್ನ ಯುದ್ಧಕ್ಕೆ ಕಳಿಸ್ತೀಯಲ್ಲ?”

ಇದಕ್ಕೆ ಹೂಂ ಸಾಲದು ಎಂದು ಹುಲಿಗೆವ್ವನಿಗೆ ಗೊತ್ತಿತ್ತು. ಹೂಂ ಎಂದರೆ ದೊರೆಗಳು ಹೂಂ ಎಂದೇ ತಿಳಿದು ಮಕ್ಕಳನ್ನು ಎಳೆದೊಯ್ಯುತ್ತಾರೆ. ಹಿಂದೆ ಬೀರನನ್ನು ಯುದ್ಧಕ್ಕೆ ಕೇಳಿದಾಗಲೂ ಆಕೆ ಹೂಂ ಅಂದಿದ್ದಳು. ಆಕೆ ಹತ್ತಿರದ ಮೂಟೆಯ ಹಗ್ಗವನ್ನು ಹಲ್ಲಿನಿಂದ ಕಿತ್ತಳು.

“ಇಲ್ಲ” ಎಂದಳು.

ಪಕ್ಕದ ಮನೆಯವಳು ಇನ್ನೊಂದು ಮೂಟೆ ಬಿಚ್ಚಿದಳು. ಇಲ್ಲ ಎಂದಳು. ಆ ಎರಡು ವರ್ಷದ ಕೂಸು ತನ್ನ ಗಾಡಿಯ ಮೇಲೆ ಹತ್ತಿ ನಿಂತು ಇಲ್ಲ, ಇಲ್ಲ, ಇಲ್ಲ ಎಂದಿತು. ನಗಾರಿಯೂ ಸುಮ್ಮನಾಯಿತು. ಬುಳ್ಳಪ್ಪ ಒಬ್ಬನೇ ಕತ್ತಿ ಹಿರಿದು ಗಡಿಯ ತನಕ ನಡೆದ. ಹಿಂದೆ ತಿರುಗಿ ನೋಡಿದ. ಅವನ ನೆರಳು ಕೂಡ ಬಂದಿರಲಿಲ್ಲ.

ಹುಲಿಗೆವ್ವ ಮಗನ ಕೈ ಹಿಡಿದು ಮನೆಗೆ ಕರೆದೊಯ್ದಳು. ಅವನು ಇನ್ನೂ ಸೊರಗಿಯೇ ಇದ್ದನಲ್ಲ, ಒಲೆ ಹಚ್ಚಿ ಊಟಕ್ಕಿಟ್ಟಳು.

ಅವರು ಅಲ್ಲಿ ಉಂಡರು, ನಾವು ಇಲ್ಲಿ ಕೂತೆವು. ಇದರ ನೀತಿಯೇನು ಎಂದರೆ ನನಗೂ ತಿಳಿಯದು. ನೀವೆಲ್ಲ ಹೂಂ ಹೂಂ ಎನ್ನುತ್ತಾ ಕೇಳಿದ್ದೀರಿ. ಅದು ಯಾವ ಹೂಂ ಎಂದು ನಾನು ಕೇಳುವುದಿಲ್ಲ.