ಬೆನ್ನ ಮೇಲಿನ ಕೆಸರು

ಗುರು ಅಂದರೆ ಗಡ್ಡ ಇರಲೇಬೇಕು ಅಂತ ಕಾನೂನೇನಿಲ್ಲ. ಬೆಳ್ಳಿಯಪ್ಪನವರಿಗೆ ಗಡ್ಡ ಇರಲಿಲ್ಲ, ಕಾವಿಯೂ ಇರಲಿಲ್ಲ. ಒಂದು ಹಳದಿ ರೇನ್‌ಕೋಟು ಇತ್ತು.

ಕೊಡಗಿನವರು. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಇದ್ದು, ನಿವೃತ್ತಿಯಾದ ಮೇಲೆ ಹಿಮಾಲಯದ ಒಂದು ಗುಡ್ಡದ ಬುಡದಲ್ಲೇ ಉಳಿದುಬಿಟ್ಟರು. ಚಳಿಗಾಲದಲ್ಲಿ ಆ ಗುಡ್ಡಕ್ಕೆ ಹಿಮ ಬೀಳುತ್ತದೆ, ದುಡ್ಡಿದ್ದವರು ಬಂದು ಜಾರಾಟ ಆಡುತ್ತಾರೆ. ಹಿಮ ಕರಗಿದ ಮೇಲೆ ಅದೇ ಇಳಿಜಾರಿನಲ್ಲಿ ಸೈಕಲ್ಲು. ಚೇರ್‌ಲಿಫ್ಟಿನಲ್ಲಿ ಕೂತು ಹತ್ತುವುದು, ಸೈಕಲ್ ಮೇಲೆ ನಿಂತು ಇಳಿಯುವುದು.

ಬುಡದಲ್ಲಿ ಒಂದು ತಗಡಿನ ಶೆಡ್ಡು, ಒಂದು ನಲ್ಲಿ, ಪಕ್ಕದಲ್ಲಿ ಹೊಳೆ. ಆಶ್ರಮ ಬೇಕೇಬೇಕು ಅನ್ನುವವರು ಅದನ್ನೇ ಆಶ್ರಮ ಅಂದುಕೊಳ್ಳಿ.

ಅಲ್ಲಿ ಇದ್ದದ್ದು ಒಂದೇ ನಿಯಮ. ಇಳಿದು ಬಂದವರು ಮುಂದೆ ಹತ್ತುವವರಿಗೆ ದಾರಿ ಹೇಳಬೇಕು. ಎಲ್ಲಿ ಕೆಸರು, ಎಲ್ಲಿ ಬೇರು ಎದ್ದಿದೆ, ಎಲ್ಲಿ ಮಣ್ಣು ಕುಸಿದಿದೆ. ಅದನ್ನು ಹೇಳಿದ ಮೇಲೆಯೇ ಚಹಾ.

ಒಂದು ಮೇ ತಿಂಗಳು, ಶಾಲೆಗೆ ರಜೆ ಇದ್ದಾಗ, ಕರ್ನಾಟಕದಿಂದ ಹದಿನಾರು ಜನ ಪಿ.ಟಿ. ಟೀಚರುಗಳು ಅವರ ಹತ್ತಿರ ಒಂದು ವಾರದ ತರಬೇತಿಗೆ ಬಂದರು. ಅವರಲ್ಲಿ ಗದಗಿನ ಕಡೆಯ ಕಸ್ತೂರಿ ಒಬ್ಬಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದ ಸರ್ವಿಸು. ಅವಳು ಸೀಟಿ ಊದಿದರೆ ಇಡೀ ಮೈದಾನ ಗಪ್‌ಚುಪ್.

ರೈಲಿನಲ್ಲಿ ಬರುವಾಗ ಮಾತೆಲ್ಲ ಅವಳದೇ. ಮಕ್ಕಳ ಕಳ್ಳಾಟ ಹಿಡಿಯುವುದು ಹೇಗೆ ಅಂತ ಎಲ್ಲರಿಗೂ ಪಾಠ ಮಾಡಿದಳು. ನೀಲವ್ವ ಅನ್ನುವ ಒಂಬತ್ತನೇ ಕ್ಲಾಸಿನ ಹುಡುಗಿಯ ಕಥೆ ಹೇಳಿದಳು. ಮೂರು ಸುತ್ತು ಓಡು ಅಂದರೆ ಒಂದೇ ಸುತ್ತು ಓಡಿ, ಮರದ ಹಿಂದೆ ಕೂತು, ನಲ್ಲಿ ನೀರನ್ನು ಮುಖಕ್ಕೆ ಹಚ್ಚಿಕೊಂಡು ಬೆವರಿದ ಹಾಗೆ ಬಂದಿದ್ದಳಂತೆ. ಕಸ್ತೂರಿ ಅವಳನ್ನು ಹಿಂದಕ್ಕೆ ತಿರುಗಿಸಿ ನೋಡಿದಳು. ಮುಖ ಒದ್ದೆ, ಬೆನ್ನು ಒಣ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ನಿಲ್ಲಿಸಿ, ನಾನು ಸುಳ್ಳು ಹೇಳಿದೆ ಅಂತ ಮೂರು ಸಲ ಹೇಳಿಸಿದಳು. ಆಮೇಲೆ ಒಬ್ಬಳೂ ಕಳ್ಳಾಟ ಆಡಲಿಲ್ಲ ನೋಡಿ ಅಂದಳು. ಬೋಗಿಯಲ್ಲಿದ್ದವರೆಲ್ಲ ನಕ್ಕರು. ನಗುವ ಹಾಗೆಯೇ ಹೇಳಿದ್ದಳು.

ಮೊದಲ ದಿನ ಬೆಳಿಗ್ಗೆ ಬೆಳ್ಳಿಯಪ್ಪನವರು ದಾರಿಯ ನಕ್ಷೆ ತೋರಿಸಿದರು. ಸಮತಟ್ಟಿನಲ್ಲಿ ಬ್ರೇಕು ಹಿಡಿಯುವುದು, ಸೀಟಿನಿಂದ ಎದ್ದು ನಿಲ್ಲುವುದು ಕಲಿಸಿದರು. ಹನ್ನೆರಡಕ್ಕೆ ಮಳೆ ಶುರುವಾಗಿ ಒಂದು ಗಂಟೆ ಕಾಲ ಹೊಡೆಯಿತು. ಮಳೆ ನಿಂತಾಗ ಗುಡ್ಡವೆಲ್ಲ ಕೆಸರು.

ಮೊದಲು ಯಾರು ಹೋಗುತ್ತೀರಿ ಅಂತ ಅವರು ಕೇಳಿ ಮುಗಿಸುವಷ್ಟರಲ್ಲಿ ಕಸ್ತೂರಿಯ ಕೈ ಮೇಲಿತ್ತು. ರೈಲಿನಲ್ಲಿ ಅಷ್ಟು ಮಾತಾಡಿದ ಮೇಲೆ ಎತ್ತದೆ ಇರಲು ಆಗುತ್ತದೆಯೇ?

ಗುರುಗಳು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದರು. ದೊಡ್ಡವರು ಸಣ್ಣವರು ಅನ್ನದೆ ಎಲ್ಲರನ್ನೂ ನೀನು ಅಂತಲೇ ಮಾತಾಡಿಸುವವರು ಅವರು.

"ಹೆದರಿಕೆ ಆದ ಕಡೆ ಇಳಿದು ತಳ್ಳಿಕೊಂಡು ಬಾ. ದಾರಿ ಮಾತ್ರ ನೋಡಿಕೊಂಡು ಬಾ."

ಲಿಫ್ಟಿನ ಕುರ್ಚಿಯ ಹಿಂದಿನ ಕೊಕ್ಕೆಗೆ ಸೈಕಲ್ ನೇತುಹಾಕಿಕೊಂಡು ಕಸ್ತೂರಿ ಮೇಲೆ ಹೋದಳು.

ಮೊದಲನೇ ತಿರುವಿನಲ್ಲೇ ಮುಂದಿನ ಚಕ್ರ ಜಾರಿತು. ಅಷ್ಟೇ, ಬೀಳಲೂ ಇಲ್ಲ. ಆದರೆ ಎಡಗಡೆ ಬರೀ ಮಂಜು, ಕೆಳಗೆ ಏನಿದೆ ಅಂತ ಕಾಣುತ್ತಿರಲಿಲ್ಲ. ಬ್ರೇಕಿನ ಮೇಲಿನ ಬೆರಳು ಬಿಡು ಅಂದರೂ ಬಿಡಲೊಲ್ಲವು.

ತಳ್ಳಿಕೊಂಡು ಇಳಿಯಬಹುದಿತ್ತು. ಆದರೆ ಲಿಫ್ಟಿನ ಕುರ್ಚಿಗಳು ಆ ದಾರಿಯ ಮೇಲೆಯೇ ಹಾದುಹೋಗುತ್ತವೆ. ಗದಗಿನ ಕಸ್ತೂರಿ ಟೀಚರ್ ಸೈಕಲ್ ತಳ್ಳಿಕೊಂಡು ಬರುವುದನ್ನು ಜನ ಮೇಲಿನಿಂದ ನೋಡುತ್ತಾರೆ.

ಗುಡ್ಡದ ಹಿಂದೆ ಜೀಪು ಓಡಾಡುವ ಸಿಮೆಂಟು ರಸ್ತೆ ಇತ್ತು. ಅಲ್ಲಿ ಯಾರೂ ಇರಲಿಲ್ಲ. ಅವಳು ಸೈಕಲ್ ಹಿಡಿದುಕೊಂಡು ಅದರಲ್ಲಿ ನಡೆದು ಇಳಿದಳು.

ಬುಡ ಹತ್ತಿರ ಬಂದಾಗ ತನ್ನ ಬಟ್ಟೆ ನೋಡಿಕೊಂಡಳು. ಒಂದು ಹನಿ ಕೆಸರಿಲ್ಲ. ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಕೆಸರು ತೆಗೆದು ಮೊಣಕಾಲಿಗೆ, ಎದೆಗೆ, ಕೆನ್ನೆಗೆ ಹಚ್ಚಿಕೊಂಡಳು, ಮದುಮಗಳಿಗೆ ಅರಿಶಿನ ಹಚ್ಚುವ ಹಾಗೆ. ಸೈಕಲ್ಲಿಗೂ ಒಂದಿಷ್ಟು ಹಚ್ಚಿದಳು.

ಶೆಡ್ಡಿನ ಮುಂದೆ ಚಪ್ಪಾಳೆ ಬಿತ್ತು. ಗುರುಗಳು ಸೈಕಲ್ ನೋಡುವವರ ಹಾಗೆ ಅವಳ ಸುತ್ತ ಒಂದು ಸುತ್ತು ಬಂದರು.

"ದಾರಿ ಹೇಗಿದೆ?"

"ಛಲೋ ಐತ್ರಿ ಸರ್. ಕೆಸರ ಐತಿ, ಅಷ್ಟ."

"ಸೇತುವೆ?"

ಹೊಳೆಗೆ ಅಡ್ಡವಾಗಿ ಹಲಗೆ ಹಾಕಿದ ಸಣ್ಣ ಸೇತುವೆ ಅದು. ಬೆಳಿಗ್ಗೆ ನಕ್ಷೆಯಲ್ಲಿ ತೋರಿಸಿದ್ದರು. ಅವಳಿಗೆ ಮರೆತೇ ಹೋಗಿತ್ತು.

"ಅದೂ ಛಲೋ ಐತ್ರಿ."

ಮುಂದಿನ ಸರದಿ ಕೋಲಾರದ ಮುನಿರಾಜು ಅವರದು. ಹೆಲ್ಮೆಟ್ ಹಾಕಿಕೊಂಡು ತಯಾರಾಗಿ ನಿಂತಿದ್ದರು. ಗುರುಗಳು ಅವರ ಕೈಯಿಂದ ಸೈಕಲ್ ತಗೊಂಡು, ನೀನು ಸ್ವಲ್ಪ ಕೂತಿರು, ಒಂದು ಸಲ ನಾನು ಹೋಗಿ ಬರುತ್ತೇನೆ ಅಂದರು. ಕಾರಣ ಹೇಳಲಿಲ್ಲ. ಹಳದಿ ರೇನ್‌ಕೋಟು ಕುರ್ಚಿಯಲ್ಲಿ ಕೂತು ಮೇಲಕ್ಕೆ ಹೋಯಿತು.

ಕಸ್ತೂರಿಗೆ ಚಹಾ ಕೊಟ್ಟರು. ಕುಡಿಯದೆ ಪಕ್ಕಕ್ಕಿಟ್ಟಳು.

ಸೈಕಲ್ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋದಳು. ಕೈ ನೀರಿಗೆ ಒಡ್ಡಿದಳು, ಹಾಗೇ ನಿಂತುಬಿಟ್ಟಳು. ನಲ್ಲಿ, ನೀರು, ಮುಖ. ನೀಲವ್ವ ನೆನಪಾದಳು. ಇಷ್ಟು ವಯಸ್ಸಿಗೆ ಇಷ್ಟು ನಾಚಿಕೆ ಅವಳು ಕಂಡಿರಲಿಲ್ಲ.

ಅಷ್ಟೇ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಅರವತ್ತೇಳು ವರ್ಷದ ಮನುಷ್ಯ ತನ್ನ ಮಾತು ನಂಬಿಕೊಂಡು ಆ ದಾರಿಯಲ್ಲಿ ಇಳಿಯುತ್ತಿದ್ದಾರೆ. ದಾರಿಯಲ್ಲಿ ಏನಿದೆ ಅಂತ ತನಗೆ ಗೊತ್ತಿಲ್ಲ. ಅವರು ಬಿದ್ದರೆ?

ಹೇಳಿಬಿಡಲೇ ಅಂತ ಎರಡು ಸಲ ಶೆಡ್ಡಿನ ಕಡೆ ತಿರುಗಿದಳು. ಹದಿನೈದು ಜನ ಹರಟುತ್ತಾ ಕೂತಿದ್ದರು. ಎರಡು ಸಲವೂ ಬಾಯಿ ಬರಲಿಲ್ಲ. ಕಾಲು ಗಂಟೆ ಹಾಗೇ ಕಳೆಯಿತು. ಆಮೇಲೆ ಯಾರಿಗೂ ಹೇಳದೆ ಸೈಕಲ್ ಕೊಕ್ಕೆಗೆ ಹಾಕಿ ಕುರ್ಚಿ ಹತ್ತಿದಳು.

ಎರಡು ನಿಮಿಷಕ್ಕೆ ಸೇತುವೆ ಕಾಲಡಿಗೆ ಬಂತು. ಆಗಿನಿಂದ ಹೊಳೆಯನ್ನು ಮುಚ್ಚಿದ್ದ ಮಂಜು ಈಗಷ್ಟೇ ಸರಿದಿತ್ತು. ದಡ ಕುಸಿದು ಮಣ್ಣು, ಕಲ್ಲು ಹಲಗೆಗಳ ಮೇಲೆ ಬಂದು ಕೂತಿತ್ತು. ನಡುವಿನ ಎರಡು ಹಲಗೆ ಪಕ್ಕಕ್ಕೆ ಸರಿದು, ಕೆಳಗೆ ಕೆಂಪು ನೀರು ಓಡುತ್ತಿತ್ತು. ಸ್ವಲ್ಪ ಮೇಲೆ, ಮರಗಳ ನಡುವೆ ಹಳದಿ ಬಣ್ಣ ಇಳಿದು ಬರುತ್ತಿತ್ತು.

ಆಗ ಅವಳಿಗೆ ಯಾರು ಕೇಳಿಸಿಕೊಳ್ಳುತ್ತಾರೆ ಅನ್ನುವುದು ನೆನಪಾಗಲಿಲ್ಲ. ಮೈದಾನದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು.

"ಸರ್, ನಿಂದರ್ರಿ! ನಾ ಇಳದಿಲ್ರಿ! ನಾ ಸುಳ್ಳ ಹೇಳೀನಿ! ಸುಳ್ಳ ಹೇಳೀನ್ರಿ ನಾ!"

ಕೆಳಗೆ ಶೆಡ್ಡಿನ ಮುಂದೆ ಹದಿನೈದು ತಲೆ ಒಟ್ಟಿಗೆ ಮೇಲಕ್ಕೆ ಎದ್ದವು. ಹಿಂದಿನ ಕುರ್ಚಿಯಲ್ಲಿದ್ದ ಪ್ರವಾಸಿಗಳು ಕನ್ನಡ ಬಾರದಿದ್ದರೂ ಇವಳನ್ನೇ ನೋಡಿದರು. ಅವಳು ಇನ್ನೊಂದು ಸಲ ಕೂಗಿದಳು. ಹಳದಿ ರೇನ್‌ಕೋಟು ನಿಂತಿತು. ಕೈ ಎತ್ತಿತು.

ಲಿಫ್ಟು ಯಾರ ನಾಚಿಕೆಗೂ ನಿಲ್ಲುವುದಿಲ್ಲ. ಅದು ಅವಳನ್ನು ಮೇಲಕ್ಕೆ ಒಯ್ದು ಬಿಟ್ಟಿತು.

ಈ ಸಲ ಜೀಪಿನ ರಸ್ತೆಯ ಕಡೆ ನೋಡಲಿಲ್ಲ. ಮೊದಲನೇ ತಿರುವಿನಲ್ಲಿ ಬೆರಳು ಮತ್ತೆ ಬ್ರೇಕಿಗೆ ಅಂಟಿಕೊಂಡವು. ಇಳಿದಳು, ತಳ್ಳಿದಳು. ಆಮೇಲೆ ಹತ್ತಿದಳು. ಎರಡು ಕಡೆ ಬಿದ್ದಳು, ಒಂದು ಕಡೆ ಮೊಣಕೈ ತರಚಿತು. ನಡುವೆ ಎಲ್ಲೋ ಅತ್ತಳು ಕೂಡ. ಪೊದೆಯಿಂದ ಚಾಚಿದ ಬೇರು ಎಲ್ಲಿ, ನೀರು ನಿಂತ ಗುಂಡಿ ಎಲ್ಲಿ, ಎಲ್ಲ ನೋಡಿಕೊಂಡಳು.

ಸೇತುವೆಯ ಹತ್ತಿರ ಬಂದಾಗ ಗುರುಗಳು ಕೈಯಿಂದ ಕಲ್ಲು ತೆಗೆದು ಹೊಳೆಗೆ ಹಾಕುತ್ತಿದ್ದರು. ಅವಳು ತಲೆ ತಗ್ಗಿಸಿ ನಿಂತಳು. ಯಾಕೆ ಸುಳ್ಳು ಹೇಳಿದೆ ಅಂತ ಕೇಳುತ್ತಾರೆ, ಅದಕ್ಕೆ ಏನು ಉತ್ತರ ಅಂತ ದಾರಿಯುದ್ದಕ್ಕೂ ಹುಡುಕಿಕೊಂಡು ಬಂದಿದ್ದಳು.

"ಯಾಕೆ ಇಳಿಯಲಿಲ್ಲ?" ಅಂದರು ಗುರುಗಳು.

ಅವಳು ತಲೆ ಎತ್ತಿದಳು.

"ಹೆದರಿಕಿ ಆತ್ರಿ."

"ಎಲ್ಲಿ?"

"ಮೊದಲನೇ ತಿರುವಿನ್ಯಾಗ."

"ಹೂಂ. ಅಲ್ಲಿ ನನಗೂ ಆಗುತ್ತೆ."

ಅವಳೂ ಬಗ್ಗಿ ಒಂದು ಕಲ್ಲು ಎತ್ತಿ ಹೊಳೆಗೆ ಹಾಕಿದಳು. ಆಮೇಲೆ, ನಾ ಸುಳ್ಳ ಹೇಳಿದ್ದು ನಿಮಗ ಮೊದಲ ಗೊತ್ತಿತ್ತೇನ್ರಿ ಅಂತ ಕೇಳಿದಳು.

ಮಡ್‌ಗಾರ್ಡ್ ಇಲ್ಲದ ಸೈಕಲ್ಲು ಅಂದರು ಅವರು. ಕೆಸರಿನಲ್ಲಿ ಬಂದರೆ ಹಿಂದಿನ ಚಕ್ರ ಬೆನ್ನಿಗೆ ಎರಚುತ್ತದೆ. ನಿನ್ನ ಎದೆಯೆಲ್ಲ ಕೆಸರು, ಬೆನ್ನು ಮಾತ್ರ ತೊಳೆದಿಟ್ಟ ಹಾಗಿತ್ತು.

"ಗೊತ್ತಿದ್ದೂ ಯಾಕ ಬಂದ್ರಿ?"

"ದಾರಿ ಯಾರೂ ನೋಡಿರಲಿಲ್ಲವಲ್ಲ."

ಅವಳಿಗೆ ನೆಲದೊಳಗೆ ಹೋಗಬೇಕು ಅನ್ನಿಸಿತು. ಗುರುಗಳು ಹಲಗೆಯ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟರು. ಇಬ್ಬರೂ ಸೇರಿ ಎರಡು ಹಲಗೆಯನ್ನೂ ಜಾಗಕ್ಕೆ ಕೂರಿಸಿದರು. ಅರ್ಧ ಗಂಟೆ ಹಿಡಿಯಿತು.

ಕೆಲಸ ಮುಗಿದ ಮೇಲೂ ಅವಳು ಸೈಕಲ್ ಹತ್ತಲಿಲ್ಲ. ಎಲ್ಲರೂ ಕೇಳಿಸಿಕೊಂಡಿದ್ದಾರೆ, ಈಗ ಕೆಳಗೆ ಹೋಗಿ ಯಾವ ಮುಖ ಹೊತ್ತು ನಿಲ್ಲಲಿ ಅಂದಳು.

"ಮುನಿರಾಜು ಕಾಯ್ತಾ ಇದ್ದಾನೆ," ಅಂದರು ಗುರುಗಳು. "ಹೋಗಿ ದಾರಿ ಹೇಳು."

ಹೋದಳು. ಶೆಡ್ಡಿನ ಮುಂದೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಬ್ಬರು ಪರಸ್ಪರ ನೋಡಿಕೊಂಡು ಮುಸಿಮುಸಿ ನಕ್ಕರು. ಅವಳು ಒಂದೊಂದಾಗಿ ದಾರಿ ಹೇಳಿದಳು. ಮೊದಲನೇ ತಿರುವಿನಲ್ಲಿ ತಾನು ಹೆದರಿ ತಳ್ಳಿಕೊಂಡು ಬಂದೆ ಅಂತಲೂ ಹೇಳಿದಳು.

ಮುನಿರಾಜು ನಗಲಿಲ್ಲ. ಗಮನ ಕೊಟ್ಟು ಕೇಳಿದರು. ಸೇತುವೆಯ ಎಡಗಡೆ ಗಟ್ಟಿಯೋ ಬಲಗಡೆಯೋ ಅಂತ ವಿಚಾರಿಸಿದರು. ಬಲಗಡೆ ಅಂದಳು. ಅವರು ತಲೆಯಾಡಿಸಿ ಕುರ್ಚಿ ಹತ್ತಿದರು.

ಸಂಜೆ ಎಲ್ಲರೂ ಇಳಿದಾಗಿತ್ತು. ಹದಿನಾರು ಅಂಗಿ ತಂತಿಯ ಮೇಲೆ ಒಣಗುತ್ತಿದ್ದವು, ಹದಿನಾರಕ್ಕೂ ಬೆನ್ನಿನಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ. ಗುರುಗಳು ಹೊಳೆಯ ದಂಡೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ಕಸ್ತೂರಿ ಹೋಗಿ ಪಕ್ಕದಲ್ಲಿ ಕೂತಳು.

ರೈಲಿನಲ್ಲಿ ನಗಿಸುತ್ತಾ ಹೇಳಿದ್ದ ಕಥೆಯನ್ನೇ ಅವರಿಗೆ ಹೇಳಿದಳು. ಈ ಸಲ ನಗುವಂಥದ್ದು ಅದರಲ್ಲಿ ಏನೂ ಸಿಗಲಿಲ್ಲ. ನಲ್ಲಿ ನೀರು, ಒಣ ಬೆನ್ನು, ಪ್ರಾರ್ಥನೆಯ ಸಾಲು, ಮೂರು ಸಲ. ಮೂರನೇ ಸಲಕ್ಕೆ ಹುಡುಗಿಯ ದನಿಯೇ ಹೊರಡಲಿಲ್ಲ, ಜೋರಾಗಿ ಹೇಳು ಅಂತ ತಾನು ಸೀಟಿ ಊದಿದ್ದೆ ಅನ್ನುವುದನ್ನೂ ಹೇಳಿದಳು. ಅದನ್ನು ರೈಲಿನಲ್ಲಿ ಹೇಳಿರಲಿಲ್ಲ. ಆಮೇಲೆ ನೀಲವ್ವ ಆಟದ ಪಿರಿಯಡ್ಡಿಗೆ ಬರುವುದನ್ನೇ ಬಿಟ್ಟಳು.

"ನಾ ಮಾಡಿದ್ದು ತಪ್ಪ್ರಿ ಸರ್," ಅಂದಳು. ಅವರು ಬೈಯಲಿ ಅಂತ ಕಾದಳು. ಬೈದರೆ ಎದೆ ಹಗುರವಾಗುತ್ತಿತ್ತು.

ಗುರುಗಳು ಬೈಯಲಿಲ್ಲ. ಲೋಟ ಕೆಳಗಿಟ್ಟರು.

"ಆ ಹುಡುಗಿ ಅವತ್ತು ಯಾಕೆ ಓಡಲಿಲ್ಲ?"