ಬಾಗಿಲು ಬಿಡದ ತಬಿತಮ್ಮ

ಒಂದು ಕಾಡಿನ ಅಂಚಿನಲ್ಲಿ ಹೆಂಚು ಹೊದಿಸಿದ ಚಿಕ್ಕ ಪ್ರಾರ್ಥನಾ ಮಂದಿರವಿತ್ತು. ಅದರ ಮೆಟ್ಟಿಲಿನ ಕೆಳಗೆ ಬಿಲ ತೋಡಿಕೊಂಡು ತಬಿತಮ್ಮ ಎಂಬ ಮುಳ್ಳುಹಂದಿ ವಾಸವಾಗಿದ್ದಳು. ಭಾನುವಾರ ಬಂತೆಂದರೆ ಅವಳ ತಲೆಯ ಮೇಲೆಯೇ ಉಪದೇಶಿಗಳ ಬೋಧನೆ, ಜನರ ಹಾಡು. ತಬಿತಮ್ಮ ಬಿಲದೊಳಗೆ ಕಿವಿಯಾನಿಸಿ ಕೂರುತ್ತಿದ್ದಳು. ಅರ್ಧ ಬೋಧನೆ ತಿಳಿಯುತ್ತಿತ್ತು. ಉಳಿದರ್ಧಕ್ಕೆ ನಿದ್ದೆ ಬಂದುಬಿಡುತ್ತಿತ್ತು. ಆದರೆ ತಿಳಿದ ಅರ್ಧವನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಯೇಸುಸ್ವಾಮಿಯೇ ತನ್ನ ಒಡೆಯ, ಅವರು ತನ್ನ ಕೈಬಿಡುವುದಿಲ್ಲ ಎಂದು ನಂಬಿದ್ದಳು.

ಕೇಳಿದ್ದನ್ನು ಕಾಡಿನವರಿಗೂ ಹೇಳುತ್ತಿದ್ದಳು. ಕೆಲವರು ನಕ್ಕರು. ಕೆಲವರು ನಂಬಿದರು. ನಂಬಿದವರಲ್ಲಿ ಯೋನಪ್ಪ ಎಂಬ ಮೊಲ ಇದ್ದ. ಎಲೆ ಬಿದ್ದರೂ ಓಡುವ ಪ್ರಾಣಿ ಅವನು. ಅವನ ಹೆಂಡತಿ, ಆರು ಮಕ್ಕಳು ಇದ್ದರು. ಹನ್ನಜ್ಜಿ ಎಂಬ ಮುದಿ ಕಾಡುಕೋಳಿ ಇದ್ದಳು. ಇವರೆಲ್ಲ ಸಂಜೆಯಾದರೆ ಬೆಟ್ಟದ ಬಂಡೆಯೊಂದರ ಗವಿಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು.

ಹೀಗಿರಲು ಒಂದು ದಿನ ಬೆಳಗ್ಗೆ ಎಲ್ಲಿಂದಲೋ ಒಂದು ಚಿರತೆ ಬಂತು. ಹಸಿದ ಚಿರತೆ. ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಗವಿಗೆ ಓಡಿದರು. ಗವಿಯ ಬಾಯಿ ಕಿರಿದು. ಮೈ ಕುಗ್ಗಿಸಿದರೆ ಚಿರತೆಯೂ ನುಗ್ಗಬಹುದು. ಕೊನೆಯಲ್ಲಿ ಏದುಸಿರು ಬಿಡುತ್ತ ಬಂದವಳು ತಬಿತಮ್ಮ. ಅವಳು ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ಹೊರಗೆ ಬೆನ್ನು ಮಾಡಿ ಕೂತಳು. ಮುಳ್ಳುಗಳನ್ನೆಲ್ಲ ಎತ್ತಿ ಗಲಗಲ ಅನ್ನಿಸಿದಳು. ಚಿರತೆ ಒಂದು ಸಲ ಪಂಜ ಚಾಚಿತು. ಚುಚ್ಚಿಸಿಕೊಂಡಿತು. ಪಂಜ ನೆಕ್ಕುತ್ತ ಕೆಳಗೆ ಆಲದ ಮರದ ನೆರಳಿಗೆ ಹೋಗಿ ಮಲಗಿತು. ಅಲ್ಲಿಂದ ಮಾತ್ರ ಏಳಲಿಲ್ಲ.

ಆ ಕಾಡಿನಲ್ಲಿ ಒಂದು ನರಿಯೂ ಇತ್ತು. ಮಾತು ಬಲು ಸವಿ, ಮನಸ್ಸು ಬಲು ಕಹಿ. ಅದಕ್ಕೇ ಎಲ್ಲರೂ ಅವನನ್ನು ಬೆಣ್ಣೆಬಾಯಪ್ಪ ಎಂದು ಕರೆಯುತ್ತಿದ್ದರು. ಅವನು ಬಾಲ ಅಲ್ಲಾಡಿಸುತ್ತ ಚಿರತೆಯ ಹತ್ತಿರ ಬಂದ. ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ತಬಿತಮ್ಮ ಕತ್ತು ಹೊರಳಿಸಿ ಅದನ್ನು ನೋಡಿದಳು. 'ಇನ್ನು ಶುರು' ಅಂದುಕೊಂಡಳು.

ಸ್ವಲ್ಪ ಹೊತ್ತಿಗೆ ನರಿ ಗವಿಯ ಮುಂದೆ ಹಾಜರಾದ. ಮುಖದಲ್ಲಿ ಭಾರೀ ದುಃಖ.

"ಅಯ್ಯೋ ತಬಿತಕ್ಕಾ! ಇದೇನು ಹುಚ್ಚು ನಿನಗೆ? ಈ ಚಿರತೆ ಹೋದ ವಾರ ಎರಡು ಕಾಡೆಮ್ಮೆ ಮುರಿದು ಹಾಕಿದೆ. ನೀನು ಯಾವ ಲೆಕ್ಕ? ಪಕ್ಕಕ್ಕೆ ಸರಿದು ಜೀವ ಉಳಿಸ್ಕೋ. ಅದಕ್ಕೆ ಬೇಕಾಗಿರೋದು ಮೊಲ, ನೀನಲ್ಲ."

ಒಳಗಿಂದ ಯೋನಪ್ಪ "ಎರಡು ಕಾಡೆಮ್ಮೆಯಾ!" ಎಂದು ಕಿರುಚಿದ.

"ನಿನಗೆ ಹೆದರಿಕೆ ಆಗಲ್ವಾ ಅಕ್ಕಾ?" ಎಂದು ನರಿ ಕೇಳಿದ.

"ಆಗುತ್ತೆ," ಅಂದಳು ತಬಿತಮ್ಮ. "ನೋಡು, ಕಾಲು ಹೆಂಗೆ ನಡುಗ್ತಿದೆ."

"ಮತ್ತೆ ಎದ್ದು ಹೋಗು!"

"ನಡುಗೋ ಕಾಲಲ್ಲಿ ಎಲ್ಲಿಗಪ್ಪ ಹೋಗಲಿ? ಇಲ್ಲೇ ನಡುಗ್ತಾ ಕೂತ್ಕೋತೀನಿ. ಯೇಸುಸ್ವಾಮಿ ಜೊತೆಗಿದ್ದಾರೆ."

ಹೆದರುವವರನ್ನು ಓಡಿಸುವುದು ನರಿಗೆ ಗೊತ್ತಿತ್ತು. ಹೆದರಿಯೂ ಕೂತವರನ್ನು ಏನು ಮಾಡುವುದೋ ಗೊತ್ತಿರಲಿಲ್ಲ. ಅಂದು ಅವನು ವಾಪಸಾದ.

ಮಾರನೆಯ ಬೆಳಗ್ಗೆ ಬರುವಾಗ ಅವನ ಬಾಯಲ್ಲಿ ಕೆಂಪು ಗೆಣಸಿತ್ತು. ಆಗಷ್ಟೇ ಕಿತ್ತದ್ದು, ಮಣ್ಣಿನ ಘಮ ಇನ್ನೂ ಇತ್ತು. ಅದನ್ನು ಬಾಗಿಲಿಂದ ಸರಿಯಾಗಿ ಹತ್ತು ಹೆಜ್ಜೆ ದೂರದಲ್ಲಿಟ್ಟ. ಪಕ್ಕದಲ್ಲಿ ಇನ್ನೊಂದಿಟ್ಟ. ಮೂರನೆಯದನ್ನು ಕಚ್ಚಿ ಮುರಿದು, ಹಾಲು ಒಸರುವುದನ್ನು ತೋರಿಸಿದ.

ತಬಿತಮ್ಮನ ಬಾಯಲ್ಲಿ ನೀರೂರಿತು. ಗವಿಯಲ್ಲಿ ಬಂಡೆಯಿಂದ ಜಿನುಗುವ ನೀರಿತ್ತು, ನಾಲ್ಕು ಬೇರು ಇತ್ತು. ಬೇರನ್ನೆಲ್ಲ ಮೊಲದ ಮಕ್ಕಳಿಗೆ ಕೊಟ್ಟು ಅವಳು ಉಪವಾಸವಿದ್ದಳು.

"ಹತ್ತೇ ಹೆಜ್ಜೆ ಅಕ್ಕಾ," ಅಂದ ನರಿ. "ಹೋಗಿ ಬರೋದು ಕಣ್ಣು ಮಿಟುಕಿಸೋದ್ರೊಳಗೆ. ನಿನ್ನೆಯಿಂದ ಪ್ರಾರ್ಥನೆ ಮಾಡ್ತಿದ್ದೀಯಲ್ಲ, ಇದನ್ನ ದೇವರೇ ಕಳಿಸಿರಬಹುದು ಅಂದ್ಕೋ."

ತಬಿತಮ್ಮನ ಹಿಂಗಾಲು ತಾನಾಗಿಯೇ ಒಂದು ಬೆರಳಷ್ಟು ಗೆಣಸಿನ ಕಡೆ ಸರಿಯಿತು. ಅವಳಿಗೆ ಗಾಬರಿಯಾಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದು ಕೀರ್ತನೆ ಎತ್ತಿಕೊಂಡಳು. ಮೊದಲ ಸಾಲು ನೆನಪಿಗೆ ಬರಲಿಲ್ಲ. ಅದನ್ನು ಹಾಡುವಾಗ ಅವಳು ಯಾವಾಗಲೂ ನಿದ್ದೆಯಲ್ಲಿರುತ್ತಿದ್ದಳು. ಹಾಗಾಗಿ ಎರಡನೆಯ ಸಾಲನ್ನೇ ಹಿಡಿದು ಮತ್ತೆ ಮತ್ತೆ ಹಾಡಿದಳು. ಮುಳ್ಳುಹಂದಿಯ ಕಂಠ ನಿಮಗೆ ಗೊತ್ತಲ್ಲ, ತುಕ್ಕು ಹಿಡಿದ ರಾಟೆ ತಿರುಗಿದ ಹಾಗೆ. ಅವಳ ಜೊತೆಗೆ ಹನ್ನಜ್ಜಿಯೂ ಸೇರಿಕೊಂಡಳು. ಮೊಲದ ಮಕ್ಕಳು ತಾಳ ಹಾಕಿದವು. ನರಿ ಎರಡೂ ಕಿವಿ ಮಡಚಿಕೊಂಡ.

"ಸಾಕು! ಸಾಕು ನಿಲ್ಸಿ!" ಎಂದು ಕೂಗಿದ. ಯಾರೂ ನಿಲ್ಲಿಸಲಿಲ್ಲ. ಅವನು ತಡೆಯಲಾರದೆ ಓಡಿದ. ಗೆಣಸುಗಳನ್ನು ಇರುವೆಗಳು ತಿಂದವು.

ಮಧ್ಯಾಹ್ನ ಅವನು ಮತ್ತೆ ಬಂದಾಗ ಮುಖದಲ್ಲಿ ಬೇರೆ ನಗೆಯಿತ್ತು. ಈ ಸಲ ಮೆತ್ತಗೆ ಮಾತಾಡಲಿಲ್ಲ. ಒಳಗಿನವರಿಗೆಲ್ಲ ಕೇಳಲಿ ಎಂದು ಗಂಟಲು ಬಿಚ್ಚಿ ಕೂಗಿದ.

"ಕುಂಬಳಕಾಯಿ ಕಳ್ಳಿ!"

ತಬಿತಮ್ಮನಿಗೆ ತಿಳಿಯುವ ಮೊದಲೇ ಅವಳ ಕೈ ಹೆಗಲು ಮುಟ್ಟಿ ನೋಡಿಕೊಂಡಿತು.

"ಎಲ್ರೂ ಕೇಳ್ರಪ್ಪೋ!" ಅಂದ ನರಿ. "ಹೋದ ಸುಗ್ಗಿ ಹಬ್ಬದಲ್ಲಿ ದೇವರಿಗೆ ಅಂತ ಇಟ್ಟ ಕುಂಬಳಕಾಯಿ ತಿಂದಿದ್ದು ಯಾರು? ನಿಮ್ಮ ತಬಿತಕ್ಕ! ನಾನೇ ಕಣ್ಣಾರೆ ಕಂಡೆ. ಕಳ್ಳಿ ಬಾಗಿಲಲ್ಲಿ ಕೂತರೆ ದೇವರು ಕಾಪಾಡ್ತಾನಾ? ಅವಳನ್ನ ಎಬ್ಬಿಸಿ. ಒಳ್ಳೆಯವರು ಯಾರಾದ್ರೂ ಬಂದು ಕೂರಲಿ!"

ತಬಿತಮ್ಮನ ಎದ್ದು ನಿಂತಿದ್ದ ಮುಳ್ಳುಗಳು ಒಂದೊಂದಾಗಿ ಬೆನ್ನಿಗೆ ಅಂಟಿಕೊಂಡವು. ಚಿರತೆಗೆ ಬಗ್ಗದ ಮುಳ್ಳು ಈ ಮಾತಿಗೆ ಬಗ್ಗಿತು. ಏಕೆಂದರೆ ಆ ಮಾತು ನಿಜ. ಕೆಳಗೆ ಆಲದ ನೆರಳಿನಲ್ಲಿ ಚಿರತೆ ತಲೆಯೆತ್ತಿ ನೋಡಿತು.

ಹನ್ನಜ್ಜಿ ಕುಂಟುತ್ತ ಬಾಗಿಲಿಗೆ ಬಂದಳು.

"ತಿಂದಿದ್ದು ನಿಜವೇನೇ?"

"ನಿಜ ಅಜ್ಜಿ."

"ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು," ಎಂದು ತಬಿತಮ್ಮ ಅತ್ತಳು. "ಯಾರೋ ಬಡವಿ ಹೊತ್ತು ತಂದ ಕಾಯಿ. ಬೆಳಗ್ಗೆ ಆಯಮ್ಮ ಅಳೋದು ಕೇಳಿಸ್ತು. ಮೂರು ದಿನ ನನಗೆ ಗಂಟಲಲ್ಲಿ ಏನೂ ಇಳೀಲಿಲ್ಲ. ಯೇಸುಸ್ವಾಮಿಗೆ ಎಲ್ಲ ಹೇಳ್ಕೊಂಡೆ. ಕ್ಷಮಿಸಿದರು. ನನ್ನ ಕೈಲಾದಷ್ಟು ಗೆಡ್ಡೆ ಅಗೆದು ಆಯಮ್ಮನ ಬಾಗಿಲಲ್ಲಿ ಇಟ್ಟು ಬಂದೆ. ನಿಮಗೆ ಹೇಳೋಕೆ ಮಾತ್ರ ನಾಚಿಕೆಯಾಯ್ತು."

"ಒಳ್ಳೆಯವರು ಯಾರು ಬರ್ತೀರಿ?" ಎಂದು ನರಿ ಹೊರಗಿಂದ ಮತ್ತೆ ಕೂಗಿದ.

ಗವಿಯಲ್ಲಿ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಯೋನಪ್ಪ ಥಟ್ಟನೆ ಗೋಡೆಯ ಕಡೆ ತಿರುಗಿದ. ಹನ್ನಜ್ಜಿ ಕೆಮ್ಮಿದಳು.

"ಹಾಗೆ ನೋಡಿದರೆ ಈ ಬಾಗಿಲಿಗೆ ಯಾರೂ ಆಗಲ್ಲ ಕಣೇ," ಅಂದಳು. "ಸ್ವಾಮಿ ಕ್ಷಮಿಸಿದ್ದನ್ನ ಕೆದಕೋಕೆ ಈ ಬೆಣ್ಣೆಬಾಯಿ ಯಾರು? ಮುಳ್ಳೆತ್ತು ಮಗಳೇ. ಚಿರತೆ ಎದ್ದು ನಿಂತಿದೆ."

ತಬಿತಮ್ಮ ಮೂಗೊರೆಸಿಕೊಂಡಳು. ಗಲಗಲ ಎಂದು ಮುಳ್ಳೆತ್ತಿದಳು.

"ನರಿಯಣ್ಣಾ, ಒಳ್ಳೆಯವಳು ಅಂತ ನಾನಿಲ್ಲಿ ಕೂತಿಲ್ಲ. ಕ್ಷಮೆ ಸಿಕ್ಕವಳು ಅಂತ ಕೂತಿದ್ದೀನಿ. ಬೇರೆ ಏನಾದ್ರೂ ಇದ್ರೆ ಹೇಳು."

ನರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕೆಳಗೆ ಹೋದಾಗ ಚಿರತೆ ಅವನತ್ತ ನೋಡಿ ಹಲ್ಲು ಕಡಿಯಿತು. ನಾಳೆ ಬೆಳಗ್ಗೆಯೊಳಗೆ ಬಾಗಿಲು ತೆಗೆಸದಿದ್ದರೆ ಮೊಲದ ಬದಲು ಯಾರು ಊಟವಾಗುತ್ತಾರೆ ಎನ್ನುವುದು ಆ ನೋಟದಲ್ಲೇ ಇತ್ತು.

ಮೂರನೆಯ ಬೆಳಗ್ಗೆ. ಸೂರ್ಯ ಆಗಷ್ಟೇ ಹುಟ್ಟುತ್ತಿದ್ದ. ಎದುರು ಬಂಡೆಯ ಮೇಲೆ ಏನೋ ಬೆಳ್ಳಗೆ ಹೊಳೆಯಿತು. ತಲೆಯಿಂದ ಕಾಲಿನವರೆಗೆ ಬಿಳುಪು. ಎರಡು ಪಕ್ಕದಲ್ಲಿ ದೊಡ್ಡ ದೊಡ್ಡ ಬಿಳಿಯ ರೆಕ್ಕೆ. ಹಿಂದಿನಿಂದ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು.

ಅದು ಯಾರೆಂದು ನಿಮಗೆ ಗೊತ್ತಾಗಿರಬಹುದು. ಉಪವಾಸದಿಂದ ಕಣ್ಣು ಮಂಜಾಗಿದ್ದ ತಬಿತಮ್ಮನಿಗೆ ಗೊತ್ತಾಗಲಿಲ್ಲ.

"ಓ ನಂಬಿಗಸ್ತಳಾದ ತಬಿತಳೇ!" ಎಂದು ಆ ಬಿಳಿಯ ಆಕಾರ ದೊಡ್ಡ ದನಿಯಲ್ಲಿ ಹೇಳಿತು. "ನಾನು ಪರಲೋಕದ ದೂತನು! ನಿನ್ನ ಪ್ರಾರ್ಥನೆ ಕೇಳಲ್ಪಟ್ಟಿದೆ! ಚಿರತೆಯು ಸತ್ತು ಬಿದ್ದಿದೆ! ಹೊರಗೆ ಬಂದು ನನ್ನ ಪಾದಕ್ಕೆ ಬೀಳು!"

ಯೋನಪ್ಪ ಒಳಗೇ ಅಡ್ಡಬಿದ್ದ. ತಬಿತಮ್ಮನ ಕಣ್ಣು ತುಂಬಿ ಬಂತು. ಮುಗಿಯಿತಾ? ನಿಜವಾಗಿಯೂ ಮುಗಿಯಿತಾ? ಅವಳು ಹೊರಗೆ ಮುಖ ಮಾಡಿ ತಿರುಗಿದಳು. ಮುಳ್ಳು ಇಳಿಸಿದಳು. ಒಂದು ಹೆಜ್ಜೆ ಹೊರಗಿಟ್ಟಳು.

ಅಲ್ಲಿಗೆ ಅವಳ ಕಾಲು ನಿಂತಿತು. ಒಂದು ಮಾತು ಎಲ್ಲೋ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ದೇವದೂತರ ವಿಷಯ ಉಪದೇಶಿಗಳು ಹೇಳುವಾಗ ಅವಳು ಎಚ್ಚರವಾಗಿದ್ದಳು. ನಿಜವಾದ ದೂತನಿಗೆ ಯಾರಾದರೂ ನಮಸ್ಕಾರ ಮಾಡಹೋದರೆ ಅವನು ಗಾಬರಿಯಾಗುತ್ತಾನಂತೆ. ನನಗಲ್ಲ, ದೇವರಿಗೆ ಮಾಡು ಎನ್ನುತ್ತಾನಂತೆ.

"ಸ್ವಾಮೀ," ಅಂದಳು ತಬಿತಮ್ಮ ವಿನಯವಾಗಿ, "ತುಂಬಾ ಸಂತೋಷ. ಮೊದಲು ಇಬ್ಬರೂ ಮೊಣಕಾಲೂರಿ ಯೇಸುಸ್ವಾಮಿಯೇ ಕರ್ತನು ಅಂತ ಒಂದು ಸಲ ಹೇಳಿಬಿಡೋಣ. ಆಮೇಲೆ ಬರ್ತೀನಿ."

ದೂತ ತಡಬಡಿಸಿದ. "ಅದು... ಅದೆಲ್ಲ ಈಗ ಯಾಕೆ? ನನಗೆ ನಮಸ್ಕಾರ ಮಾಡಿದರೆ ಸಾಕು."

"ಒಂದೇ ಒಂದು ಸಲ ಸ್ವಾಮೀ."

"ಹೇಳಲ್ಲ ಅಂದ್ರೆ ಹೇಳಲ್ಲ! ಹೊರಗೆ ಬಾರೇ ಮುಳ್ಳುಮೂತಿ!"

"ಓಹೋ," ಅಂದಳು ತಬಿತಮ್ಮ. "ಪರಲೋಕದಲ್ಲಿ ಹೀಗೆ ಬೈಯ್ತಾರೆ ಅಂತ ಉಪದೇಶಿಗಳು ಹೇಳಿರಲಿಲ್ಲ." ಇಷ್ಟು ಹೇಳಿ ಸರಕ್ಕನೆ ಬಾಗಿಲಿಗೆ ಸರಿದು, ಬೆನ್ನು ತಿರುಗಿಸಿ ಕೂತಳು.

ನರಿಗೆ ಸಿಟ್ಟು ನೆತ್ತಿಗೇರಿತು. ಕೆಳಗೆ ಚಿರತೆ ಕಾಯುತ್ತಿದೆ ಎಂಬ ಭಯ ಬೇರೆ. ಹಾರಿ ಬಂದು ಅವಳ ಕಾಲು ಹಿಡಿದು ಎಳೆಯಹೋದ. ತಬಿತಮ್ಮ ಬೇರೇನೂ ಮಾಡಲಿಲ್ಲ. ಕೂತಲ್ಲೇ ಮುಳ್ಳೆತ್ತಿದಳು.

"ಅಯ್ಯಯ್ಯೋ! ಸತ್ತೇ!"

ನರಿಯ ಮೂತಿಯ ತುಂಬ ಮುಳ್ಳು. ಅವನು ನೋವಿನಿಂದ ಉರುಳಾಡಿದ. ಮೈಗೆ ಬಳಿದುಕೊಂಡ ಸುಣ್ಣದ ಮಣ್ಣು ಹೊಗೆಯ ಹಾಗೆ ಎದ್ದಿತು. ಜಾಲಿಯ ಅಂಟಿನಲ್ಲಿ ಅಂಟಿಸಿಕೊಂಡ ಬೆಳ್ಳಕ್ಕಿ ಗರಿಗಳು ಸುತ್ತ ಹಾರಾಡಿದವು. ಆ ಗದ್ದಲ ಕೇಳಿ ಬಾಗಿಲು ತೆರೆಯಿತೆಂದುಕೊಂಡು ಚಿರತೆ ಮೇಲಕ್ಕೆ ನೆಗೆಯಿತು. ಮೂರು ದಿನದ ಹಸಿವು. ಧೂಳಿನ ನಡುವೆ ಬೆಳ್ಳಗೆ, ದಪ್ಪಗೆ ಏನೋ ರೆಕ್ಕೆ ಬಡಿಯುತ್ತಿದೆ. ಯಾವುದೋ ಕೊಬ್ಬಿದ ಹಕ್ಕಿ ಎಂದು ತಿಳಿದು ಗಬಕ್ಕನೆ ಬಾಯಿ ಹಾಕಿತು.

"ನಾನು! ನಾನು ನಿಮ್ಮ ಬೆಣ್ಣೆಬಾಯಪ್ಪ!" ಎಂದು ನರಿ ಬೊಬ್ಬೆ ಹೊಡೆದ. ಬಾಯ್ತುಂಬ ಗರಿ ತುಂಬಿದ ಚಿರತೆಗೆ ಕೇಳಿಸಲಿಲ್ಲ. ಅದರ ಹಲ್ಲಿಗೆ ಹಲ್ಲು ಅಂಟಿನಲ್ಲಿ ಕಚ್ಚಿಕೊಂಡಿತು. ನರಿಯ ಮೂತಿಯಲ್ಲಿದ್ದ ಒಂದು ಮುಳ್ಳು ಅದರ ತುಟಿಗೂ ನಾಟಿತು. ಚಿರತೆ ಬಾಯಿ ಬಿಡಲಾಗದೆ "ಉಮ್ಮ್, ಉಮ್ಮ್" ಎನ್ನುತ್ತ, ಮುಂಗಾಲಿನಿಂದ ಮುಖ ಕೆರೆದುಕೊಳ್ಳುತ್ತ ಬೆಟ್ಟ ಇಳಿದು ಓಡಿತು. ಮತ್ತೆ ಆ ಕಾಡಿನಲ್ಲಿ ಕಾಣಲಿಲ್ಲ. ನರಿ ಚಿರತೆಯ ಬಾಯಲ್ಲಿ ಅರ್ಧ ಬಾಲ ಬಿಟ್ಟು ಇನ್ನೊಂದು ದಿಕ್ಕಿಗೆ ಓಡಿದ.

ಗವಿಯಲ್ಲಿ ಕುಣಿತವೋ ಕುಣಿತ. "ತಬಿತಕ್ಕ ಗೆದ್ದಳು!" ಎಂದ ಯೋನಪ್ಪ.

"ನಾನೇನು ಗೆದ್ದೆನಪ್ಪ? ಕೂತಿದ್ದೆ ಅಷ್ಟೇ. ಗೆಲ್ಲಿಸಿದವರು ಬೇರೆ," ಎಂದು ತಬಿತಮ್ಮ ಮೇಲೆ ನೋಡಿ ಕೈಮುಗಿದಳು. ಆಮೇಲೆ ಅಲ್ಲೇ ಮಲಗಿ ಗೊರಕೆ ಹೊಡೆದಳು.

ಸಂಜೆ ಯಾರೋ ನರಳುವ ಸದ್ದಾಯಿತು. ನರಿ ಬಂದಿದ್ದ. ಮೂತಿ ಊದಿ ಕುಂಬಾರನ ಮಡಕೆಯಾಗಿತ್ತು.

"ಅಕ್ಕಾ, ನೀರೂ ಇಳೀತಿಲ್ಲ. ಮುಳ್ಳು ತೆಗೆದುಕೊಡು. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ ಅಕ್ಕಾ, ಸಾಯಲಿ ಬಿಡು!" ಎಂದ ಯೋನಪ್ಪ ಒಳಗಿಂದ.

ತಬಿತಮ್ಮ ಹೊಸ್ತಿಲು ದಾಟಲಿಲ್ಲ. "ಮೂತಿ ಇಲ್ಲಿಗೆ ತಾ," ಅಂದಳು. ಹಲ್ಲಿನಲ್ಲಿ ಕಚ್ಚಿ ಒಂದೊಂದೇ ಮುಳ್ಳು ಕಿತ್ತಳು. ಪ್ರತಿ ಮುಳ್ಳಿಗೂ ನರಿ ಕುಯ್ಯೆಂದ.

"ಯಾಕಕ್ಕಾ ನನಗೆ ಸಹಾಯ ಮಾಡ್ತಿದ್ದೀಯ?" ಎಂದು ನಾಚಿಕೊಂಡು ಕೇಳಿದ.

"ನನ್ನ ಜಗಳ ನಿನ್ನ ಮೂತಿಯ ಜೊತೆ ಅಲ್ಲಣ್ಣಾ. ನಿನ್ನ ಬಾಯಲ್ಲಿ ಕೂತು ಮಾತಾಡಿದನಲ್ಲ ಆ ಸುಳ್ಳುಗಾರ ಸೈತಾನ, ಅವನ ಜೊತೆ."

ಕೊನೆಯ ಮುಳ್ಳು ಬಂತು. ನರಿ ಮೂತಿ ಸವರಿಕೊಂಡ. ನೋವು ಇಳಿಯುತ್ತಲೇ ಅವನ ಕಣ್ಣು ಮೆಲ್ಲಗೆ ಗವಿಯೊಳಗೆ ಹರಿಯಿತು. ಅಲ್ಲಿ ಆರು ಮೊಲದ ಮರಿಗಳು ಸಾಲಾಗಿ ಕೂತಿದ್ದವು.

"ಅಕ್ಕಾ," ಅಂದ ಬೆಣ್ಣೆಯಂಥ ದನಿಯಲ್ಲಿ, "ಚಳಿಯಾಗ್ತಿದೆ. ಒಂದು ಸ್ವಲ್ಪ ಹೊತ್ತು ಒಳಗೆ ಬಂದು ಕೂರಲಾ?"

ಗಲಗಲ ಸದ್ದಾಯಿತು.

ನರಿ ಓಟ ಕಿತ್ತ, ಮತ್ತೆ ತಿರುಗಿ ನೋಡಲಿಲ್ಲ.

ನೀತಿ: ಸೈತಾನನು ಹೆದರಿಸುತ್ತಾನೆ, ಆಸೆ ತೋರಿಸುತ್ತಾನೆ, ಹಳೆಯ ತಪ್ಪು ಎತ್ತಿ ಆಡುತ್ತಾನೆ, ಕೊನೆಗೆ ದೇವದೂತನ ವೇಷದಲ್ಲೂ ಬರುತ್ತಾನೆ. ಆದರೆ ಯೇಸುವನ್ನು ನಂಬಿ ನಿಂತ ಜಾಗ ಬಿಡದವರ ಮುಂದೆ ಓಡಬೇಕಾದವನು ಅವನೇ.