ಹಿತ್ತಲಿಗೆ ಹಾಸಿದ ಹಳೇ ಕಲ್ಲು

ಬೀಗರು ಬರುವಷ್ಟರಲ್ಲಿ ಹಿತ್ತಲು ಅರಮನೆ ತೋಟದಂತಾಗಬೇಕೆಂದು ಪುರಸಭೆಯ ಮಾಜಿ ಅಧ್ಯಕ್ಷ ವಿರೂಪಣ್ಣ ಹಟ ಹಿಡಿದ.

"ಬಿಡಿಗಾಸೂ ಕೊಡಲ್ಲ. ಹಳೇ ಸಾಮಾನಲ್ಲೇ ಮಾಡು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ," ಎಂದು ತೋಟದ ಕೆಲಸದ ತಿಪ್ಪಕ್ಕನಿಗೆ ಗದರಿದ.

ತಿಪ್ಪಕ್ಕ ತೂತುಬಿದ್ದ ಹಂಡೆಗಳಲ್ಲಿ ದಾಸವಾಳ ನೆಟ್ಟಳು. ಪುರಸಭೆಯ ಹಿಂದೆ ಬಿಸಾಡಿದ್ದ ನುಣುಪು ಕಲ್ಲುಗಳನ್ನು ತಂದು ದಾರಿಗೆ ಹಾಸಿದಳು.

ಬೀಗರು ಬಂದವರೇ ಬಗ್ಗಿ ಕಲ್ಲುಗಳ ಮೇಲೆ ಕೆತ್ತಿದ್ದನ್ನು ಓದತೊಡಗಿದರು: "ಆಸ್ಪತ್ರೆಗೆ ಶಂಕುಸ್ಥಾಪನೆ, ವಿರೂಪಣ್ಣನವರಿಂದ. ಗ್ರಂಥಾಲಯಕ್ಕೆ ಶಂಕುಸ್ಥಾಪನೆ, ವಿರೂಪಣ್ಣನವರಿಂದ..." ಅವುಗಳಲ್ಲಿ ಒಂದನ್ನೂ ಅವನು ಕಟ್ಟಿಸಿರಲಿಲ್ಲ.

ವಿರೂಪಣ್ಣ ಕೆಂಡವಾದ. "ನನ್ನ ಮಾನ ಕಳೆದೆಯಲ್ಲೇ!"

"ಅಧ್ಯಕ್ಷರೇ, ಆ ಕಡೆ ನೋಡಿ," ಎಂದಳು ತಿಪ್ಪಕ್ಕ. "ನಿಮ್ಮ ಹೆಸರಿಗೆ ಎಲ್ಲರೂ ಹೇಗೆ ತಲೆ ಬಗ್ಗಿಸ್ತಾ ಇದ್ದಾರೆ!"

ವಿರೂಪಣ್ಣ ನೋಡಿದ. ನಿಜವೇ. ಮೀಸೆ ತಿರುವಿಕೊಂಡು ಪಿಸುಗುಟ್ಟಿದ: "ಇಂಥವು ಇನ್ನೂ ಸಿಗ್ತಾವೇನೇ?"

"ಒಂದು ಲಾರಿ ತುಂಬಾ ಇವೆ, ಅಧ್ಯಕ್ಷರೇ."